ಊರಿನಿಂದ ದೂರದಲ್ಲಿ ಒಂದು ಸಮಾಧಿ



ಕಲ್ಲರೆ ಹಬ್ಬದ ಸಂಜೆ ನಮ್ಮ ಸ್ಮಶಾನಗಳು ಹೇಗಿರುತ್ತವೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಎರಡು ದಿನ ಮೊದಲೇ ಬಂದು ಕಳೆ ಕಿತ್ತು, ಕಲ್ಲು ತೊಳೆದು, ಸುಣ್ಣ ಬಳಿದು ಹೋಗಿರುತ್ತೀರಿ. ನವೆಂಬರ್ 2ರಂದು ಸೇವಂತಿಗೆ ಹೂವು, ಮೇಣದ ಬತ್ತಿ ಹಿಡಿದು ಮನೆಮಂದಿಯೆಲ್ಲ ಬಂದು ನಿಲ್ಲುತ್ತೀರಿ. ಗುರುಗಳು ಪವಿತ್ರ ಜಲ ಚಿಮುಕಿಸುತ್ತಾ ಬರುವಾಗ ನಮ್ಮವರ ಸಮಾಧಿಯನ್ನು ಎಲ್ಲಿ ಬಿಟ್ಟುಬಿಡುತ್ತಾರೋ ಎಂಬ ಆತಂಕ ಬೇರೆ! ಇದು ಒಳ್ಳೆಯ ಪದ್ಧತಿ. ಇದನ್ನು ಆಕ್ಷೇಪಿಸಲು ನಾನು ಹೊರಟಿಲ್ಲ.

ಕೆಲವು ವರ್ಷಗಳ ಹಿಂದೆ ಅಂತಹ ಒಂದು ಸಂಜೆ, ಜನರೆಲ್ಲ ಚದುರಿದ ಮೇಲೂ ಒಬ್ಬ ತಾಯಿ ಹಚ್ಚದ ಮೇಣದ ಬತ್ತಿಯನ್ನು ಕೈಯಲ್ಲಿ ಹಿಡಿದು ಸ್ಮಶಾನದ ನಡುವಿನ ಶಿಲುಬೆಯ ಬಳಿ ನಿಂತಿದ್ದರು. ಅವರ ಮಗ ಗಲ್ಫ್ ದೇಶದಲ್ಲಿ ದುಡಿಯುತ್ತಿದ್ದವನು. 2020ರ ಕೊರೋನಾ ಕಾಲದಲ್ಲಿ ಅಲ್ಲೇ ತೀರಿಕೊಂಡ. ದೇಹವನ್ನು ತರಲು ಆಗಲಿಲ್ಲ, ಅಲ್ಲೇ ಹೂತರು. ಎಲ್ಲರೂ ತಮ್ಮವರ ಕಲ್ಲಿನ ಮೇಲೆ ಬತ್ತಿ ಹಚ್ಚುತ್ತಾರೆ, ನಾನು ಎಲ್ಲಿ ಹಚ್ಚಲಿ ಫಾದರ್ ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, ಕಡೆಯ ದಿನ ದೇವರು ನಮ್ಮೂರಿನವರನ್ನೆಲ್ಲ ಇಲ್ಲಿಂದ ಎಬ್ಬಿಸುವಾಗ ನನ್ನ ಮಗ ಒಬ್ಬನೇ ಅಲ್ಲಿ ಮರಳಿನಲ್ಲಿ ಇರುತ್ತಾನಲ್ಲ ಎಂದೂ ಕೇಳಿದರು. ಗುರುಮಠದಲ್ಲಿ ಕಲಿತ ದೈವಶಾಸ್ತ್ರವನ್ನೆಲ್ಲ ನೆನಪಿಸಿಕೊಂಡು ಏನೋ ಹೇಳಿದೆ. ನಾನು ಹೇಳಿದ್ದು ತಪ್ಪೇನಲ್ಲ, ಆದರೆ ಅದು ಅವರ ಎದೆಗೆ ಇಳಿಯಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, ಇದೇ ಪ್ರಶ್ನೆಯನ್ನು ಎದುರಿಸಿದ ಇನ್ನೊಬ್ಬ ತಾಯಿ ನೆನಪಾದರು. ಅವರನ್ನು ನೀವೆಲ್ಲರೂ ಬಲ್ಲಿರಿ. ಸಂತ ಅಗಸ್ಟೀನರ ತಾಯಿ, ಸಂತ ಮೋನಿಕಾ.

ಮೋನಿಕಾ ಎಂದೊಡನೆ ನಮಗೆ ಕಣ್ಣೀರು ನೆನಪಾಗುತ್ತದೆ. ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತ ತಾಯಿ ಎಂದು ಉಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಅದು ನಿಜ. ಆದರೆ ಈ ತಾಯಿ ಸಾವನ್ನೂ ಸಮಾಧಿಯನ್ನೂ ನೋಡುವ ರೀತಿ ಅವರ ಬದುಕಿನುದ್ದಕ್ಕೂ ಹೇಗೆ ಬದಲಾಗುತ್ತಾ ಬಂತು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಇಂದು ಆ ಕಡೆಯಿಂದ ಅವರ ಜೀವನವನ್ನು ನಿಮ್ಮ ಮುಂದಿಡುತ್ತೇನೆ. ನಮಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ಮಗನೇ ಬರೆದಿಟ್ಟದ್ದು.

ಅವರು ಹುಟ್ಟಿದ್ದು ಕ್ರಿ.ಶ. 332ರ ಸುಮಾರಿಗೆ, ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಸಣ್ಣ ಪಟ್ಟಣದ ಕಡೆ. ಇಂದಿನ ಅಲ್ಜೀರಿಯಾ ದೇಶದಲ್ಲಿ ಅದಕ್ಕೆ ಸೂಕ್ ಅಹ್ರಾಸ್ ಎಂದು ಹೆಸರು. ಕ್ರೈಸ್ತ ಮನೆತನ. ಅವರ ತಂದೆಯನ್ನೇ ಬೆನ್ನ ಮೇಲೆ ಹೊತ್ತು ಆಡಿಸಿದ್ದ ಮುದುಕಿಯೊಬ್ಬಳು ಮನೆಯ ಹೆಣ್ಣುಮಕ್ಕಳನ್ನು ಬಹಳ ಶಿಸ್ತಿನಿಂದ ಬೆಳೆಸಿದಳು. ಊಟದ ಹೊತ್ತು ಬಿಟ್ಟು ನೀರನ್ನೂ ಕುಡಿಯಗೊಡುತ್ತಿರಲಿಲ್ಲವಂತೆ. ಇಷ್ಟೆಲ್ಲ ಕಾವಲಿದ್ದರೂ ಹುಡುಗಿ ಮೋನಿಕಾ, ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳುಹಿಸಿದಾಗ ಒಂದೊಂದೇ ಗುಟುಕು ರುಚಿ ನೋಡುತ್ತಾ ಅದನ್ನೇ ಚಟ ಮಾಡಿಕೊಂಡರು. ಜಗಳವಾಡುತ್ತಾ ಕೆಲಸದ ಹುಡುಗಿಯೊಬ್ಬಳು ಕುಡುಕಿ ಎಂದು ಜರೆದಾಗ ನಾಚಿ, ಅಂದೇ ಬಿಟ್ಟರು. ಸಂತರ ಚರಿತ್ರೆಯಲ್ಲಿ ಇಂತಹ ಸಂಗತಿಗಳನ್ನು ಮರೆಮಾಚುವವರೇ ಹೆಚ್ಚು. ಮಗ ಮರೆಮಾಚಲಿಲ್ಲ.

ಮದುವೆಯಾದದ್ದು ಪತ್ರೀಸಿಯುಸ್ ಎಂಬ ಅಕ್ರೈಸ್ತನನ್ನು. ಸ್ವಲ್ಪ ಜಮೀನು, ಪಟ್ಟಣದ ಸಭೆಯಲ್ಲಿ ಒಂದು ಸ್ಥಾನ, ವಿಪರೀತ ಮುಂಗೋಪ, ಪರಸ್ತ್ರೀಯರ ಸಹವಾಸ. ಅತ್ತೆಯೂ ಮೊದಮೊದಲು ಸೇವಕಿಯರ ಚಾಡಿ ಕೇಳಿ ಸೊಸೆಯ ಮೇಲೆ ಹರಿಹಾಯ್ದವರೇ. ಮೋನಿಕಾ ಗಂಡನ ಸಿಟ್ಟು ಇಳಿಯುವವರೆಗೆ ಸುಮ್ಮನಿದ್ದು, ಆಮೇಲೆ ತಮ್ಮ ಮಾತನ್ನು ಹೇಳುತ್ತಿದ್ದರು. ಕೆರೆ ಬಾವಿಯ ಕಡೆ ನೆರೆಯ ಹೆಂಗಸರು ಮುಖದ ಮೇಲಿನ ಬಾಸುಂಡೆ ತೋರಿಸಿ ಅಳುತ್ತಿದ್ದ ಆ ಕಾಲದಲ್ಲಿ ಪತ್ರೀಸಿಯುಸ್ ಹೆಂಡತಿಯ ಮೇಲೆ ಕೈ ಮಾಡಲಿಲ್ಲ ಎಂಬುದು ಊರಿಗೇ ಆಶ್ಚರ್ಯವಾಗಿತ್ತು. ಈ ಕಥೆ ಹೇಳಿ, ಹೊಡೆಯುವ ಗಂಡನನ್ನು ಸಹಿಸಿಕೊಂಡಿರಿ ಎಂದು ಬೋಧಿಸುವುದನ್ನು ನಾನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಮೋನಿಕಾರ ಮೌನ ಹೆದರಿಕೆಯ ಮೌನವಾಗಿರಲಿಲ್ಲ. ಇಬ್ಬರು ಹೆಂಗಸರು ಜಗಳವಾಡಿದರೆ ಒಬ್ಬಳು ಆಡಿದ ಕಹಿ ಮಾತನ್ನು ಇನ್ನೊಬ್ಬಳಿಗೆ ಮುಟ್ಟಿಸದೆ, ಅವರನ್ನು ಕೂಡಿಸುವ ಮಾತನ್ನಷ್ಟೇ ಮುಟ್ಟಿಸುವುದು ಅವರ ಸ್ವಭಾವ. ಈ ಒಂದು ಗುಣವನ್ನು ಮಗ ಬಹಳ ದೊಡ್ಡದೆಂದು ಎಣಿಸಿದ್ದಾನೆ. ನಮ್ಮ ಧರ್ಮಕೇಂದ್ರಗಳ ವಠಾರಗಳನ್ನು ನೋಡಿದರೆ ನನಗೂ ಹಾಗೇ ಅನಿಸುತ್ತದೆ.

ಕಡೆಗಾಲಕ್ಕೆ ಪತ್ರೀಸಿಯುಸ್ ಜ್ಞಾನಸ್ನಾನ ಪಡೆದು, 371ರ ಸುಮಾರಿಗೆ ತೀರಿಕೊಂಡರು. ಮೋನಿಕಾ ಅವರ ಪಕ್ಕದಲ್ಲೇ ತಮಗಾಗಿ ಒಂದು ಸಮಾಧಿಯ ಸ್ಥಳವನ್ನು ಸಿದ್ಧಮಾಡಿಟ್ಟುಕೊಂಡರು. ಓದುಗರೇ, ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಇಷ್ಟು ಕಷ್ಟಪಟ್ಟು ಗೆದ್ದ ಗಂಡನ ಪಕ್ಕದಲ್ಲೇ ಮಣ್ಣಾಗಬೇಕು, ಕಡಲಾಚೆ ಎಲ್ಲಿ ಹೋದರೂ ಕೊನೆಗೆ ಒಂದೇ ಮಣ್ಣು ಇಬ್ಬರನ್ನೂ ಮುಚ್ಚಿತು ಎಂದು ಜನ ಹೇಳಬೇಕು ಎಂಬ ಆಸೆ ಅವರಿಗೆ ಬಹಳವಾಗಿತ್ತು. ಇದು ಅವರ ಮನಸ್ಸಿನ ದೊಡ್ಡ ಚಿಂತೆಯಾಗಿತ್ತೆಂದು ಮಗನಿಗೂ ಗೊತ್ತಿತ್ತು.

ಇನ್ನು ಆ ಮಗನ ವಿಚಾರ. 354ರಲ್ಲಿ ಹುಟ್ಟಿದ ಅಗಸ್ಟೀನ್ ಬುದ್ಧಿವಂತ. ಓದಲು ಕಾರ್ಥೇಜ್ ನಗರಕ್ಕೆ ಹೋದವನು ಅಲ್ಲೇ ಒಬ್ಬಳೊಡನೆ ಸಂಸಾರ ಹೂಡಿದ. ಅದೆಯೋದಾತುಸ್ ಎಂಬ ಮಗನೂ ಹುಟ್ಟಿದ. ತಾಯಿಗೆ ಇದಕ್ಕಿಂತ ಹೆಚ್ಚು ನೋವಾದದ್ದು ಅವನು ಮಾನಿ ಎಂಬ ಪರ್ಷಿಯಾದವನ ಪಂಥಕ್ಕೆ ಸೇರಿದಾಗ. ಆ ಪಂಥದವರ ಪ್ರಕಾರ ಬೆಳಕು ದೇವರದು, ಮಣ್ಣು ಮೂಳೆ ಮಾಂಸವೆಲ್ಲ ಕತ್ತಲೆಯ ಸೃಷ್ಟಿ. ದೇಹವೆಂದರೆ ಆತ್ಮಕ್ಕೆ ಸೆರೆಮನೆ. ಕ್ರಿಸ್ತರಿಗೆ ನಿಜವಾದ ದೇಹವೇ ಇರಲಿಲ್ಲ, ಅಂದಮೇಲೆ ಅವರು ನಿಜವಾಗಿ ಸತ್ತದ್ದೂ ಇಲ್ಲ, ಎದ್ದದ್ದೂ ಇಲ್ಲ. ಸುಮಾರು ಒಂಬತ್ತು ವರ್ಷ ಅಗಸ್ಟೀನ್ ಇದನ್ನು ನಂಬಿದ್ದ.

ಗಮನಿಸಿ. ತಾಯಿ ತತ್ವಶಾಸ್ತ್ರ ಓದಿದವರಲ್ಲ. ಆದರೆ ಈ ಬೋಧನೆಯಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ಕೂಡಲೇ ಗ್ರಹಿಸಿದರು. ಹೆತ್ತ ಮಗನನ್ನು ತಮ್ಮ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲಿಲ್ಲ. ಆಗ ಅವರಿಗೆ ಒಂದು ಕನಸಾಯಿತು. ಒಂದು ಮರದ ಅಳತೆಪಟ್ಟಿಯ ಮೇಲೆ ತಾವು ಅಳುತ್ತಾ ನಿಂತಿದ್ದಾರೆ. ತೇಜಸ್ವಿಯಾದ ಯುವಕನೊಬ್ಬ ಬಂದು, ನೀನಿರುವಲ್ಲೇ ಮಗನೂ ಇದ್ದಾನೆ ನೋಡು ಎನ್ನುತ್ತಾನೆ. ನೋಡಿದರೆ ಮಗ ಪಕ್ಕದಲ್ಲೇ ನಿಂತಿದ್ದಾನೆ. ಇದನ್ನು ಕೇಳಿದ ಅಗಸ್ಟೀನ್, ಹಾಗಾದರೆ ನೀವೇ ನನ್ನ ಕಡೆ ಬರುತ್ತೀರಿ ಎಂದು ಅರ್ಥ ಹೇಳಿದ. ತಾಯಿ ಒಂದು ಕ್ಷಣವೂ ತಡೆಯದೆ, ಅವನಿರುವಲ್ಲಿ ನೀನು ಎಂದು ಹೇಳಲಿಲ್ಲ, ನೀನಿರುವಲ್ಲಿ ಅವನು ಎಂದೇ ಹೇಳಿದ್ದು ಎಂದರು. ಕನಸಿಗಿಂತಲೂ ಈ ಉತ್ತರ ತನ್ನನ್ನು ಹೆಚ್ಚು ಅಲುಗಾಡಿಸಿತೆಂದು ಅವನು ಬರೆದಿದ್ದಾನೆ. ಅಂದಿನಿಂದ ಮಗನಿಗೆ ಮತ್ತೆ ಮನೆಯಲ್ಲಿ ಎಲೆ ಹಾಕಿದರು.

383ರಲ್ಲಿ ಅಗಸ್ಟೀನ್ ಸ್ನೇಹಿತನನ್ನು ಹಡಗು ಹತ್ತಿಸಿ ಬರುತ್ತೇನೆಂದು ತಾಯಿಗೆ ಸುಳ್ಳು ಹೇಳಿ, ಅವರು ಬಂದರಿನ ಹತ್ತಿರ ಸಂತ ಸಿಪ್ರಿಯಾನರ ಗುಡಿಯಲ್ಲಿ ರಾತ್ರಿಯೆಲ್ಲ ಪ್ರಾರ್ಥಿಸುತ್ತಿದ್ದಾಗ ರೋಮಿಗೆ ಹೊರಟುಹೋದ. ತಾಯಿ ಬಿಡಲಿಲ್ಲ. ಎರಡು ವರ್ಷದ ಬಳಿಕ ಕಡಲು ದಾಟಿ, ಬಿರುಗಾಳಿಗೆ ನಡುಗುತ್ತಿದ್ದ ನಾವಿಕರಿಗೇ ಧೈರ್ಯ ಹೇಳುತ್ತಾ, ಮಗ ಅಧ್ಯಾಪಕನಾಗಿದ್ದ ಮಿಲಾನ್ ನಗರವನ್ನು ತಲುಪಿದರು.

ಮಿಲಾನಿನಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಫ್ರಿಕಾದಲ್ಲಿ ಹುತಾತ್ಮರ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ಯುವುದು ಕ್ರೈಸ್ತರಲ್ಲೂ ಇದ್ದ ರೂಢಿ. ಮೋನಿಕಾ ಅದನ್ನು ಭಕ್ತಿಯಿಂದಲೇ ಮಾಡುತ್ತಿದ್ದರು. ನೀರು ಬೆರೆಸಿದ ದ್ರಾಕ್ಷಾರಸದ ಒಂದೇ ಸಣ್ಣ ಬಟ್ಟಲನ್ನು ಎಲ್ಲ ಸಮಾಧಿಗಳಿಗೂ ಒಯ್ದು, ಅಲ್ಲಿದ್ದವರೊಡನೆ ಗುಟುಕು ಗುಟುಕಾಗಿ ಹಂಚಿಕೊಳ್ಳುವುದಷ್ಟೇ. ಮಿಲಾನಿನಲ್ಲೂ ಹಾಗೆಯೇ ಬುಟ್ಟಿ ಹಿಡಿದು ಹೊರಟರು. ಬಾಗಿಲ ಕಾವಲಿನವನು ತಡೆದ. ಇಲ್ಲಿಯ ಧರ್ಮಾಧ್ಯಕ್ಷರು ಇದನ್ನು ನಿಷೇಧಿಸಿದ್ದಾರೆ ಎಂದ. ಆ ಧರ್ಮಾಧ್ಯಕ್ಷರೇ ಸಂತ ಅಂಬ್ರೋಸ್. ಇದು ಕುಡಿತಕ್ಕೆ ಎಡೆಮಾಡುತ್ತದೆ, ಮೇಲಾಗಿ ರೋಮನರು ತಮ್ಮ ಪಿತೃಗಳಿಗೆ ಎಡೆ ಇಡುವ ಆಚರಣೆಯನ್ನೇ ಹೋಲುತ್ತದೆ ಎಂಬುದು ಅವರ ಕಾರಣ. ಇಷ್ಟು ವಯಸ್ಸಾದ ಮೇಲೆ, ತಾಯಿ ಅಜ್ಜಿಯರಿಂದ ಬಂದ ರೂಢಿಯನ್ನು ಬಿಡು ಎಂದರೆ ನೀವಾದರೆ ಏನನ್ನುತ್ತಿದ್ದಿರಿ? ಪದ್ಧತಿ ಬದಲಿಸಿದ ಗುರುಗಳ ಮೇಲೆ ಪಂಚಾಯಿತಿ ಕೂಡಿಸಿದ ಊರುಗಳನ್ನು ನಾನು ಬಲ್ಲೆ. ಮೋನಿಕಾ ಬುಟ್ಟಿಯನ್ನು ಹಾಗೆಯೇ ವಾಪಸು ತಂದರು. ಅಂದಿನಿಂದ ಸಮಾಧಿಗೆ ಪ್ರಾರ್ಥನೆಯನ್ನು ಒಯ್ದರು, ಅನ್ನವನ್ನು ಬಡವರಿಗೆ ಕೊಟ್ಟರು. ಬೇರೆ ಯಾರಾದರೂ ಹೇಳಿದ್ದರೆ ಇಷ್ಟು ಸುಲಭವಾಗಿ ಬಿಡುತ್ತಿರಲಿಲ್ಲವೇನೋ ಎಂದು ಮಗ ತುಸು ತಮಾಷೆಯಿಂದಲೇ ಬರೆಯುತ್ತಾನೆ.

ಅಂಬ್ರೋಸರ ಮಾತಿಗೆ ತೂಕವಿತ್ತು. ಅವರೂ ಒಡಹುಟ್ಟಿದವರನ್ನು ಹೂತು ಅತ್ತವರು. ಅಣ್ಣ ಸಾತಿರುಸ್ ತೀರಿಕೊಂಡಾಗ ಅವರು ಮಾಡಿದ ಎರಡು ಪ್ರಬೋಧನೆಗಳು ಇಂದಿಗೂ ಉಳಿದಿವೆ. ಮೊದಲನೆಯದರ ತುಂಬ ದುಃಖ, ಎರಡನೆಯದರ ತುಂಬ ಪುನರುತ್ಥಾನದ ವಿಶ್ವಾಸ. ಒಂದನ್ನು ಇನ್ನೊಂದು ಅಳಿಸಿಹಾಕಲಿಲ್ಲ.

386ರಲ್ಲಿ ಅಗಸ್ಟೀನರ ಮನಸ್ಸು ತಿರುಗಿತು. 387ರ ಏಪ್ರಿಲ್ 24ರ ರಾತ್ರಿ, ಪಾಸ್ಕ ಜಾಗರಣೆಯಲ್ಲಿ, ಅಂಬ್ರೋಸರ ಕೈಯಿಂದ ಅವರೂ ಅವರ ಮಗ ಅದೆಯೋದಾತುಸನೂ ಜ್ಞಾನಸ್ನಾನ ಪಡೆದರು. ದೇಹವನ್ನು ಕತ್ತಲೆಯ ಸೃಷ್ಟಿಯೆಂದು ಹೀನಾಯವಾಗಿ ಕಂಡಿದ್ದವರು ಕ್ರಿಸ್ತರು ದೇಹಸಹಿತ ಎದ್ದ ರಾತ್ರಿಯಲ್ಲಿ ಆ ದೇಹವನ್ನೇ ನೀರಿಗೆ ಒಡ್ಡಿದರು.

ತಾಯಿ ಮಕ್ಕಳು ಊರಿಗೆ ಹೊರಟರು. ರೋಮಿನ ಬಂದರು ಪಟ್ಟಣ ಓಸ್ತಿಯಾದಲ್ಲಿ, ಹಡಗು ಹತ್ತುವ ಮುನ್ನ ದಣಿವಾರಿಸಿಕೊಳ್ಳಲು ಉಳಿದಿದ್ದರು. ಅಲ್ಲೊಂದು ದಿನ ತೋಟದ ಕಡೆಯ ಕಿಟಕಿಗೆ ಒರಗಿ ನಿಂತು ತಾಯಿ ಮಗ ಇಬ್ಬರೇ ಸಂತರ ನಿತ್ಯಜೀವ ಹೇಗಿರಬಹುದೆಂದು ಮಾತಾಡಿದರು. ಅದಾಗಿ ಐದಾರು ದಿನಕ್ಕೆ ಮೋನಿಕಾರಿಗೆ ಜ್ವರ ಬಂತು. ಒಮ್ಮೆ ಪ್ರಜ್ಞೆ ತಪ್ಪಿ ಎಚ್ಚರವಾದಾಗ, ಮಕ್ಕಳನ್ನು ನೋಡಿ, ನಿಮ್ಮ ತಾಯಿಯನ್ನು ಇಲ್ಲಿಯೇ ಹೂಳಿರಿ ಎಂದರು. ಅಗಸ್ಟೀನ್ ಮಾತಾಡಲಿಲ್ಲ. ಇನ್ನೊಬ್ಬ ಮಗ ನವಿಗಿಯುಸ್, ಪರದೇಶದಲ್ಲಲ್ಲ, ನಮ್ಮೂರಿನಲ್ಲೇ ನಿಮ್ಮ ಕಣ್ಣು ಮುಚ್ಚುವಂತಾಗಲಿ ಎಂದ. ತಾಯಿಗೆ ಸಂತೋಷವಾದೀತೆಂದೇ ಹೇಳಿದ್ದು. ನಾವಾದರೂ ಅದನ್ನೇ ಹೇಳುತ್ತಿದ್ದೆವು. ಆದರೆ ತಾಯಿ ಅವನನ್ನು ದುರುಗುಟ್ಟಿ ನೋಡಿ, ಇವನು ಏನು ಹೇಳುತ್ತಿದ್ದಾನೆ ಕೇಳು ಎಂದು ಅಗಸ್ಟೀನರ ಕಡೆ ತಿರುಗಿದರು. ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಅದರ ಚಿಂತೆ ನಿಮಗೆ ಬೇಡ. ಒಂದೇ ಒಂದು ಕೋರಿಕೆ, ನೀವು ಎಲ್ಲಿದ್ದರೂ ಪ್ರಭುವಿನ ಬಲಿಪೀಠದಲ್ಲಿ ನನ್ನನ್ನು ನೆನೆಯಿರಿ. ಅವರು ಹೇಳಿದ್ದರ ಸಾರ ಇಷ್ಟು.

ಗಂಡನ ಪಕ್ಕದ ಸ್ಥಳದ ಆಸೆ ಎಲ್ಲಿ ಹೋಯಿತು? ಅಗಸ್ಟೀನರಿಗೇ ಇದು ಹೊಸ ಸಂಗತಿ. ಆಮೇಲೆ ತಿಳಿದುಬಂತು. ಅಗಸ್ಟೀನ್ ಹೊರಗೆ ಹೋಗಿದ್ದ ಒಂದು ದಿನ ಸ್ನೇಹಿತರೊಡನೆ ಸಾವಿನ ವಿಚಾರ ಬಂದಿತ್ತು. ಇಷ್ಟು ದೂರದಲ್ಲಿ ದೇಹವನ್ನು ಬಿಟ್ಟುಹೋಗಲು ಭಯವಿಲ್ಲವೇ ಎಂದು ಅವರು ಕೇಳಿದ್ದರು. ದೇವರಿಗೆ ಯಾವುದೂ ದೂರವಲ್ಲ, ಲೋಕಾಂತ್ಯದಲ್ಲಿ ನನ್ನನ್ನು ಎಲ್ಲಿಂದ ಎಬ್ಬಿಸಬೇಕೆಂದು ಅವರಿಗೆ ತಿಳಿಯದೆ ಹೋದೀತೆಂಬ ಹೆದರಿಕೆ ನನಗಿಲ್ಲ ಎಂಬುದು ಆ ತಾಯಿಯ ಉತ್ತರವಾಗಿತ್ತು.

ಕಾಯಿಲೆಯ ಒಂಬತ್ತನೆಯ ದಿನ, ತಮ್ಮ 56ನೆಯ ವರ್ಷದಲ್ಲಿ ಅವರು ತೀರಿಕೊಂಡರು. ಕಣ್ಣು ಮುಚ್ಚಿದ್ದು ಅಗಸ್ಟೀನರೇ. ಹದಿಹರೆಯದ ಮೊಮ್ಮಗ ಗೋಳೋ ಎಂದು ಅತ್ತಾಗ ದೊಡ್ಡವರು ಸುಮ್ಮನಿರಿಸಿದರು. ಈ ತಾಯಿ ಪೂರ್ತಿಯಾಗಿ ಸತ್ತವರಲ್ಲ, ಗೋಳಾಟ ಇಲ್ಲಿ ಸಲ್ಲದು ಎಂದುಕೊಂಡರು. ಎವೋದಿಯುಸ್ ಎಂಬ ಸ್ನೇಹಿತ 101ನೆಯ ಕೀರ್ತನೆಯನ್ನು ಎತ್ತಿಕೊಂಡ, ಮನೆಯವರೆಲ್ಲ ದನಿಗೂಡಿಸಿದರು. ಅಲ್ಲಿಯ ಪದ್ಧತಿಯಂತೆ ಸಮಾಧಿಯ ಪಕ್ಕದಲ್ಲಿ ದೇಹವನ್ನಿಟ್ಟು, ಮಣ್ಣು ಮಾಡುವ ಮೊದಲು ಬಲಿಪೂಜೆ ಅರ್ಪಿಸಿದರು. ಅಲ್ಲಿಯೂ ಅಗಸ್ಟೀನ್ ಅಳಲಿಲ್ಲ. ದುಃಖ ಕಳೆದೀತೆಂದು ಸ್ನಾನ ಮಾಡಿದರು, ಕಳೆಯಲಿಲ್ಲ. ಮಲಗಿ ಎದ್ದ ಮೇಲೆ, ಯಾರೂ ಇಲ್ಲದಾಗ ತಾಯಿಗಾಗಿ ಸ್ವಲ್ಪ ಹೊತ್ತು ಅತ್ತರು. ಇದಕ್ಕಾಗಿ ತನ್ನನ್ನು ನಗಬೇಡಿ ಎಂದು ಓದುಗರನ್ನು ಬೇಡಿಕೊಂಡಿದ್ದಾರೆ. ಪುನರುತ್ಥಾನದಲ್ಲಿ ವಿಶ್ವಾಸವಿದ್ದವರು ಅಳಬಾರದು ಎಂದು ಸಾವಿನ ಮನೆಯಲ್ಲಿ ಉಪದೇಶ ಮಾಡುವವರು ಈ ಪುಟಗಳನ್ನು ಓದಬೇಕು. ಲಾಜರನ ಸಮಾಧಿಯ ಮುಂದೆ ನಮ್ಮ ಪ್ರಭುವೇ ಅತ್ತರಲ್ಲವೇ.

ಇನ್ನೊಂದು ಮಾತು. ಸುಮಾರು 421ರಲ್ಲಿ, ಆಗ ಹಿಪ್ಪೋದ ಧರ್ಮಾಧ್ಯಕ್ಷರಾಗಿದ್ದ ಮುದುಕ ಅಗಸ್ಟೀನರಿಗೆ ನೋಲಾದ ಸಂತ ಪೌಲಿನುಸರಿಂದ ಒಂದು ಪ್ರಶ್ನೆ ಬಂತು. ಒಬ್ಬ ತಾಯಿ ತನ್ನ ಸತ್ತ ಮಗನನ್ನು ಸಂತರ ಸಮಾಧಿಯ ಪಕ್ಕದಲ್ಲಿ ಹೂಳಬೇಕೆಂದು ಬಯಸಿದ್ದಳು. ಅದರಿಂದ ಅವನ ಆತ್ಮಕ್ಕೆ ಲಾಭವುಂಟೇ? ಇದಕ್ಕೆ ಉತ್ತರವಾಗಿ ಅಗಸ್ಟೀನ್ ಒಂದು ಪುಸ್ತಕವನ್ನೇ ಬರೆದರು. ಹೂಳುವ ಸ್ಥಳ ಬದುಕಿರುವವರಿಗೆ ಸಮಾಧಾನ. ಸತ್ತವರಿಗೆ ನೆರವಾಗುವುದು ಆ ಸ್ಥಳ ನಮ್ಮಿಂದ ಮಾಡಿಸುವ ಪ್ರಾರ್ಥನೆ. ಹಾಗೆಂದು ದೇಹವನ್ನು ಕಡೆಗಣಿಸಬಾರದು. ತಂದೆಯ ಉಂಗುರವನ್ನೋ ಬಟ್ಟೆಯನ್ನೋ ಮಕ್ಕಳು ಪ್ರೀತಿಯಿಂದ ಇಟ್ಟುಕೊಳ್ಳುತ್ತಾರೆಂದರೆ ಅವಕ್ಕಿಂತ ಹತ್ತಿರವಾದ ದೇಹಕ್ಕೆ ಎಷ್ಟು ಗೌರವ ಸಲ್ಲಬೇಕು! ಆದರೂ ಹೂಳಲಾಗದ ದೇಹವನ್ನು ದೇವರು ಕಳೆದುಕೊಳ್ಳುವುದಿಲ್ಲ. ಧರ್ಮಸಭೆಯ ಇಂದಿನ ನಿಲುವೂ ಈ ದಾರಿಯದೇ. 1963ರಲ್ಲಿ ದಹನಕ್ಕೆ ಅನುಮತಿ ಕೊಟ್ಟಿತು, 2016ರ ಸೂಚನೆಯಲ್ಲಿ ಹೂಳುವುದೇ ಮೇಲೆಂದೂ, ಸುಟ್ಟರೆ ಬೂದಿಯನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದೂ ತಿಳಿಸಿತು.

ಅದೇ ಪುಸ್ತಕದಲ್ಲಿ, ಸತ್ತವರು ಕನಸಿನಲ್ಲಿ ಬರುವ ವಿಚಾರವನ್ನೂ ಅವರು ಚರ್ಚಿಸುತ್ತಾರೆ. ಸತ್ತವರು ತಾವಾಗಿಯೇ ಹಾಗೆ ಬರುವಂತಿದ್ದರೆ, ನೆಲ ಜಲ ದಾಟಿ ನನ್ನ ಹಿಂದೆ ಬಂದ ನನ್ನ ತಾಯಿ ಒಂದು ರಾತ್ರಿಯನ್ನೂ ತಪ್ಪಿಸುತ್ತಿರಲಿಲ್ಲ ಎನ್ನುತ್ತಾರೆ. ಮೂವತ್ತು ವರ್ಷಕ್ಕೂ ಮೇಲಾಗಿತ್ತು. ಆ ತಾಯಿ ಇನ್ನೂ ಅವರ ಮನಸ್ಸಿನಲ್ಲಿದ್ದರು.

ಮೋನಿಕಾರ ಎಲುಬುಗಳು ಓಸ್ತಿಯಾದಲ್ಲೂ ಉಳಿಯಲಿಲ್ಲ. 1430ರಲ್ಲಿ, ಐದನೆಯ ಮಾರ್ಟಿನ್ ಜಗದ್ಗುರುಗಳ ಕಾಲದಲ್ಲಿ, ರೋಮಿಗೆ ತಂದರು. ಈಗ ಅಲ್ಲಿಯ ಸಂತ ಅಗಸ್ಟೀನರ ಮಹಾದೇವಾಲಯದಲ್ಲಿವೆ. 1945ರಲ್ಲಿ ಓಸ್ತಿಯಾದ ದೇವಾಲಯವೊಂದರ ಪಕ್ಕದಲ್ಲಿ ಹುಡುಗರು ಆಟಕ್ಕೆಂದು ಕಂಬ ನೆಡಲು ಗುಂಡಿ ತೋಡುವಾಗ, ಅವರ ಹಳೆಯ ಸಮಾಧಿಯ ಮೇಲಿದ್ದ ಅಮೃತಶಿಲೆಯ ಬರಹದ ಒಂದು ತುಂಡು ಸಿಕ್ಕಿತು. ತಗಾಸ್ತೆಯಲ್ಲಿ ಪತ್ರೀಸಿಯುಸರ ಪಕ್ಕದಲ್ಲಿ ಕಾದಿರಿಸಿದ್ದ ಸ್ಥಳಕ್ಕೆ ಅವರು ಮರಳಲೇ ಇಲ್ಲ. ಆದರೆ ಮಗ ತನ್ನ ಆತ್ಮಕಥೆಯಲ್ಲಿ, ಇದನ್ನು ಓದುವವರೆಲ್ಲರೂ ಬಲಿಪೀಠದಲ್ಲಿ ಮೋನಿಕಾರನ್ನೂ ಪತ್ರೀಸಿಯುಸರನ್ನೂ ಒಟ್ಟಿಗೆ ನೆನೆಯಬೇಕೆಂದು ಕೋರಿಕೊಂಡಿದ್ದಾರೆ. ಗಂಡಹೆಂಡಿರ ಹೆಸರುಗಳು ಒಂದೆಡೆ ಕೂಡಿದ್ದು ಅಲ್ಲಿ. ಆಗಸ್ಟ್ 27ರಂದು ಅವರ ಹಬ್ಬದ ಪೂಜೆಯಲ್ಲಿ ನಾನು ಇಬ್ಬರ ಹೆಸರನ್ನೂ ನೆನೆಯುತ್ತೇನೆ.

ಈ ಕಥೆಯನ್ನು ಆ ಮೇಣದ ಬತ್ತಿಯ ತಾಯಿಗೆ ಮುಂದಿನ ಭಾನುವಾರ ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. ಮರುವರ್ಷದ ನವೆಂಬರಿನಲ್ಲಿ ಮಗನ ಹೆಸರಿಗೆ ಪೂಜೆ ಬರೆಸಲು ಬಂದರು. ಮಗನ ಜೊತೆ ಕೆಲಸಕ್ಕಿದ್ದವರು ಯಾರೋ ಆ ದೂರದ ಸ್ಮಶಾನದ ಫೋಟೋ ಕಳುಹಿಸಿದ್ದರಂತೆ. ಮೊಬೈಲಿನಲ್ಲಿ ತೋರಿಸಿದರು. ಮರಳ ನೆಲ, ಸಾಲಾಗಿ ಸಣ್ಣ ಫಲಕಗಳು. ಮಗನ ಫಲಕದ ಪಕ್ಕದಲ್ಲಿ ಫಿಲಿಪ್ಪೀನ್ಸ್ ದೇಶದವನೊಬ್ಬನ ಫಲಕವಿತ್ತು. ಅವನಿಗೂ ಎಲ್ಲೋ ಒಬ್ಬ ತಾಯಿ ಇರಬೇಕಲ್ಲ ಫಾದರ್ ಎಂದು, ಅವನ ಹೆಸರನ್ನು ಕಷ್ಟಪಟ್ಟು ಅಕ್ಷರ ಅಕ್ಷರವಾಗಿ ಓದಿ, ಪೂಜೆಯ ಪುಸ್ತಕದಲ್ಲಿ ಮಗನ ಹೆಸರಿನ ಕೆಳಗೆ ಬರೆಸಿಹೋದರು.